ಮೆನು ಬರುತ್ತೆ, ಸಿನಿಮಾ ಬರಲ್ಲ: ಟಿವಿಯ ಎಚ್‌ಡಿಸಿಪಿ ತಕರಾರು ಹುಡುಕುವುದು ಹೇಗೆ

ಟಿವಿ ಆನ್ ಆಗುತ್ತದೆ. ಟಿವಿಗೆ ಚುಚ್ಚಿದ ಸ್ಟ್ರೀಮಿಂಗ್ ಸ್ಟಿಕ್ಕಿನ ಹೋಮ್ ಸ್ಕ್ರೀನ್ ಚೆನ್ನಾಗಿಯೇ ಕಾಣುತ್ತದೆ. ಆದರೆ ದುಡ್ಡು ಕಟ್ಟಿ ತಗೊಂಡ ಆ್ಯಪ್‌ನಲ್ಲಿ ಸಿನಿಮಾ ಒತ್ತಿದ ತಕ್ಷಣ ಪರದೆ ಕಪ್ಪು. ಒಮ್ಮೊಮ್ಮೆ ಮಾತು ಕೇಳಿಸುತ್ತದೆ, ಚಿತ್ರ ಇರಲ್ಲ. ಒಮ್ಮೊಮ್ಮೆ ‘ಎಚ್‌ಡಿಸಿಪಿ’ ಅಂತ ಏನೋ ಒಂದು ಸಾಲು ಬಂದು ಹೋಗುತ್ತದೆ.

ಇಷ್ಟಾದ ಕೂಡಲೇ ‘ಟಿವಿ ಹೋಯ್ತು’ ಅಂತ ಅಂಗಡಿಗೆ ಹೊರಡುವವರಿದ್ದಾರೆ. ಚಿನ್ನದ ಬಣ್ಣದ ಪಿನ್ನಿರುವ ದುಬಾರಿ ಕೇಬಲ್ ತರುವವರೂ ಇದ್ದಾರೆ. ಎರಡೂ ಆತುರ. ಇಂಥ ತಕರಾರಿನಲ್ಲಿ ಟಿವಿಯೇ ಕೆಟ್ಟಿರುವುದು ಕಡಿಮೆ. ಬಾಕ್ಸಿನಿಂದ (ಸ್ಟಿಕ್ಕೋ, ಡಿಟಿಎಚ್ ಬಾಕ್ಸೋ, ಯಾವುದಾದರೂ ಸರಿ) ಟಿವಿಯವರೆಗಿನ ಸಾಲಿನಲ್ಲಿ ಯಾವುದೋ ಒಂದು ಸಾಮಾನು ಒಪ್ಪಿಗೆ ಕೊಡುತ್ತಿರುವುದಿಲ್ಲ. ಅದು ಯಾವುದು ಅಂತ ಪತ್ತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಒಳಗೆ ನಡೆಯುವುದು ಏನು

ಎಚ್‌ಡಿಸಿಪಿ ಅನ್ನುವುದು ಇಂಟೆಲ್ ಕಂಪನಿ ಮಾಡಿದ ಬೀಗ. 2000ನೇ ಇಸವಿಯಲ್ಲಿ ಬಂತು. ಬಾಕ್ಸಿನಿಂದ ಟಿವಿಗೆ ಹೋಗುವ ಡಿಜಿಟಲ್ ಚಿತ್ರವನ್ನು ದಾರಿಯಲ್ಲಿ ಯಾರೂ ನಕಲು ಮಾಡಿಕೊಳ್ಳಬಾರದು ಅನ್ನುವುದು ಅದರ ಉದ್ದೇಶ. ಹಾಗಾಗಿ ಚಿತ್ರ ಕಳಿಸುವ ಮುಂಚೆ ಬಾಕ್ಸು ಟಿವಿಯನ್ನು ಕೇಳುತ್ತದೆ: ನಿನ್ನ ಹತ್ತಿರ ಸರಿಯಾದ ಕೀಲಿ ಇದೆಯಾ? ಟಿವಿ ಉತ್ತರ ಕೊಟ್ಟರೆ ಚಿತ್ರ ಹೊರಡುತ್ತದೆ. ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಪಾಸ್ ತೋರಿಸಿ ಸೀಟಿನಲ್ಲಿ ಕೂತ ಮೇಲೂ ಚೆಕಿಂಗ್‌ನವರು ಮತ್ತೆ ಮತ್ತೆ ಬಂದು ಕೇಳುವ ಹಾಗೆ, ಸಿನಿಮಾ ಓಡುತ್ತಿರುವಾಗಲೂ ಈ ವಿಚಾರಣೆ ನಡೆಯುತ್ತಲೇ ಇರುತ್ತದೆ.

ಬಾಕ್ಸನ್ನು ಟಿವಿಗೆ ಜೋಡಿಸುವ ಎಚ್‌ಡಿಎಂಐ ಕನೆಕ್ಟರಿನಲ್ಲಿ 19 ಪಿನ್ ಇವೆ. ಈ ಮಾತುಕತೆ ನಡೆಯುವುದು 15 ಮತ್ತು 16ನೇ ಪಿನ್ನಿನ ಮೇಲೆ. ‘ನಾನು ಇಂಥ ಟಿವಿ, ಇಷ್ಟು ರೆಸಲ್ಯೂಷನ್ ತಗೊಳ್ತೀನಿ’ ಅಂತ ಟಿವಿ ತನ್ನ ಪರಿಚಯ ಹೇಳಿಕೊಳ್ಳುವುದೂ ಇದೇ ಎರಡು ಪಿನ್ನಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಚಿತ್ರ ಹೋಗುವ ಪಿನ್ನುಗಳೇ ಬೇರೆ.

ಮನೆಬಳಕೆಯ ಮಟ್ಟಿಗೆ ಎರಡು ತಲೆಮಾರು ಗೊತ್ತಿದ್ದರೆ ಸಾಕು. ಎಚ್‌ಡಿ ಚಿತ್ರಕ್ಕೆ 1.4, 4ಕೆ ಚಿತ್ರಕ್ಕೆ 2013ರ ಹೊತ್ತಿಗೆ ಬಂದ 2.2. ಆಮೇಲೆ 2018ರಲ್ಲಿ 2.3 ಬಂತು, ಅದು 2.2ರ ಜೊತೆ ಹೊಂದಿಕೊಂಡೇ ಕೆಲಸ ಮಾಡುತ್ತದೆ. 2.2 ಇರುವ ಟಿವಿಯಲ್ಲಿ ಸಾಮಾನ್ಯವಾಗಿ 1.4 ಕೂಡ ಇದ್ದೇ ಇರುತ್ತದೆ. ತಿರುಗಾ ಮುರುಗಾ ಅಲ್ಲ: 1.4 ಮಾತ್ರ ಇರುವ ಟಿವಿಗೆ 4ಕೆ ಸಿನಿಮಾ ಕೊಡಲು ಬಾಕ್ಸು ಒಪ್ಪುವುದಿಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯ ಸಾಮಾನು ಯಾವುದೋ ಅದರ ಮಟ್ಟಕ್ಕೇ ಇಡೀ ಸಾಲು ಇಳಿಯುತ್ತದೆ.

ಅಂದ ಹಾಗೆ, 1.4 ಸೇರಿದ ಹಳೆಯ ತಲೆಮಾರಿನ ಬೀಗದ ಮೂಲ ಕೀಲಿಯೇ 2010ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು, ಇಂಟೆಲ್ ಕೂಡ ಒಪ್ಪಿಕೊಂಡಿತು. ಕದಿಯುವವರಿಗೆ ಈ ಬೀಗದಿಂದ ಏನೂ ಅಡ್ಡಿಯಾಗಲಿಲ್ಲ. ಪ್ರತಿ ತಿಂಗಳು ಚಂದಾ ಕಟ್ಟುವವರಿಗೆ ಮಾತ್ರ ಇವತ್ತಿಗೂ ಕಾಟ ತಪ್ಪಿಲ್ಲ.

ಕೈ ಹಾಕುವ ಮುಂಚೆ

ಎಚ್‌ಡಿಎಂಐ ಕೇಬಲ್ ಕೀಳುವಾಗ, ಹಾಕುವಾಗ ಟಿವಿ ಮತ್ತು ಬಾಕ್ಸ್ ಎರಡನ್ನೂ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಎರಡು ಪಿನ್ನಿನ ಅಡಾಪ್ಟರ್ ಇರುವ ಬಾಕ್ಸಿನ ಲೋಹದ ಭಾಗದಲ್ಲಿ ಸ್ವಲ್ಪ ಕರೆಂಟ್ ಸೋರುವುದು ಉಂಟು. ಹಾಗೇ ಕೇಬಲ್ ಚುಚ್ಚಿದರೆ ಅದು ಪೋರ್ಟಿನ ಸೂಕ್ಷ್ಮ ಪಿನ್ನುಗಳ ಮೂಲಕ ಹರಿದು ಪೋರ್ಟೇ ಸುಟ್ಟುಹೋಗಬಹುದು.

ಡಿಶ್ ಕೇಬಲ್ಲಿನ ತುದಿ ಅಥವಾ ಎಚ್‌ಡಿಎಂಐ ಪಿನ್ನಿನ ಕವಚ ಮುಟ್ಟಿದಾಗ ಕೈ ಜುಮ್ ಅಂತು ಅಂದರೆ ಅಲ್ಲಿಗೇ ನಿಲ್ಲಿಸಿ. ಆ ಸಾಕೆಟ್ಟಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಆಮೇಲೆ ಉಳಿದ ಕೆಲಸ. ಗುಡುಗು ಸಿಡಿಲು ಇರುವಾಗ ಟಿವಿ ಹಿಂದೆ ಕೈ ಹಾಕಲೇಬೇಡಿ. ಟಿವಿಯ ಹಿಂದಿನ ಮುಚ್ಚಳ ಬಿಚ್ಚುವ ಕೆಲಸ ಈ ಬರಹದಲ್ಲಿ ಎಲ್ಲೂ ಇಲ್ಲ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಅದು ಹೊಡೆದರೆ ತಮಾಷೆಯಲ್ಲ.

ಗೋಡೆಗೆ ಹಾಕಿದ ದೊಡ್ಡ ಟಿವಿಯ ಹಿಂದೆ ನೋಡಬೇಕಾದರೆ ಒಬ್ಬರೇ ಎಳೆದಾಡಬೇಡಿ. ಮೊಬೈಲನ್ನು ಹಿಂದೆ ತೂರಿಸಿ ಫೋಟೋ ತೆಗೆದುಕೊಂಡರೆ ಪೋರ್ಟಿನ ಅಕ್ಷರವೆಲ್ಲ ಓದಬಹುದು.

ಲಕ್ಷಣ: ಮೆನು ಕಾಣುತ್ತೆ, ಪ್ಲೇ ಒತ್ತಿದ ಮೇಲೆ ಕಪ್ಪು

ಎಲ್ಲಕ್ಕಿಂತ ಜಾಸ್ತಿ ಕಾಣುವ ತಕರಾರು ಇದೇ. ಮೊದಲು ಇದು ನಿಜವಾಗಿ ಎಚ್‌ಡಿಸಿಪಿಯದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೆ ಖರ್ಚಿಲ್ಲದ ಪರೀಕ್ಷೆಗಳಿವೆ.

ನಿಮ್ಮದು ಸ್ಮಾರ್ಟ್ ಟಿವಿ ಆಗಿದ್ದರೆ, ಟಿವಿಯ ಒಳಗೇ ಇರುವ ಆ್ಯಪ್‌ನಲ್ಲಿ ಅದೇ ಸಿನಿಮಾ ಹಾಕಿ ನೋಡಿ. ಅಲ್ಲಿ ಎಚ್‌ಡಿಎಂಐ ಕೇಬಲ್ಲಿಗೆ ಕೆಲಸವೇ ಇಲ್ಲ. ಅಲ್ಲಿ ಓಡಿ, ಸ್ಟಿಕ್ಕಿನಲ್ಲಿ ಓಡದಿದ್ದರೆ ನಿಮ್ಮ ಚಂದಾ, ಇಂಟರ್ನೆಟ್, ಪರದೆ ಎಲ್ಲ ಸರಿ ಇವೆ. ತಕರಾರು ಸ್ಟಿಕ್ಕಿನಿಂದ ಪೋರ್ಟಿನವರೆಗಿನ ಹಾದಿಯಲ್ಲಿದೆ.

ಇನ್ನೊಂದು, ಬೀಗ ಇಲ್ಲದ ವಿಡಿಯೋ ಹಾಕಿ ನೋಡುವುದು. ನೀವೇ ಮೊಬೈಲಿನಲ್ಲಿ ತೆಗೆದ ವಿಡಿಯೋ ಅಥವಾ ಯೂಟ್ಯೂಬಿನ ಸಾಮಾನ್ಯ ವಿಡಿಯೋ ಆದರೆ ಸಾಕು. ಅದು ಓಡಿ, ದುಡ್ಡಿನ ಆ್ಯಪ್ ಮಾತ್ರ ಕಪ್ಪಾದರೆ ಬೀಗದ ಮೇಲೆ ಅನುಮಾನ ಪಡಬಹುದು. ಡಿಟಿಎಚ್ ಬಾಕ್ಸ್‌ಗಳಲ್ಲಿ ಈ ಪರೀಕ್ಷೆ ಯಾವಾಗಲೂ ನಡೆಯುವುದಿಲ್ಲ. ಕೆಲವು ಬಾಕ್ಸುಗಳು ಆನ್ ಆದಾಗಿನಿಂದಲೇ ಬೀಗ ಹಾಕಿಕೊಂಡಿರುತ್ತವೆ, ಮೆನುವೂ ಬರುವುದಿಲ್ಲ. ಅಂಥ ಬಾಕ್ಸಿಗೆ ಹಳದಿ-ಕೆಂಪು-ಬಿಳಿ ಎವಿ ಕೇಬಲ್ ಹಾಕಿ. ಅನಲಾಗ್ ಕೇಬಲ್ಲಿನಲ್ಲಿ ಎಚ್‌ಡಿಸಿಪಿ ಇಲ್ಲ. ಎವಿಯಲ್ಲಿ ಚಾನೆಲ್ ಬಂದು ಎಚ್‌ಡಿಎಂಐಯಲ್ಲಿ ಬರದಿದ್ದರೆ ಡಿಶ್, ರೀಚಾರ್ಜ್, ಕಾರ್ಡ್ ಎಲ್ಲ ಸರಿ ಇವೆ. ಕಸ್ಟಮರ್ ಕೇರ್‌ನವರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರವೂ ಸಿಕ್ಕ ಹಾಗಾಯಿತು.

ಈಗ ದುರಸ್ತಿ. ಮೊದಲು ಸರಿಯಾದ ರೀಸ್ಟಾರ್ಟ್. ಎಲ್ಲವನ್ನೂ ಬೋರ್ಡಿನಲ್ಲಿ ಆಫ್ ಮಾಡಿ. ಎಚ್‌ಡಿಎಂಐ ಕೇಬಲ್ಲನ್ನು ಎರಡೂ ಕಡೆ ಕಿತ್ತು ಒಂದೆರಡು ನಿಮಿಷ ಬಿಡಿ. ಮತ್ತೆ ಗಟ್ಟಿಯಾಗಿ ಕೂರಿಸಿ. ಟಿವಿಯನ್ನು ಮೊದಲು ಆನ್ ಮಾಡಿ, ಸರಿಯಾದ ಎಚ್‌ಡಿಎಂಐ ಇನ್‌ಪುಟ್ ಹಾಕಿ, ಟಿವಿ ಪೂರ್ತಿ ಎದ್ದ ಮೇಲೆ ಬಾಕ್ಸ್ ಆನ್ ಮಾಡಿ. ಈ ಕ್ರಮಕ್ಕೆ ಕಾರಣ ಇದೆ. ಸ್ಟ್ಯಾಂಡ್‌ಬೈನಲ್ಲಿ ವಾರಗಟ್ಟಲೆ ಬಿದ್ದಿರುವ ಬಾಕ್ಸುಗಳು ಹಳೆಯ ಮಾತುಕತೆಯ ಅರ್ಧಂಬರ್ಧ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತವೆ. ಕರೆಂಟ್ ಹೋಗಿ ಬಂದಾಗ ಬಾಕ್ಸು ಬೇಗ ಎದ್ದು, ಟಿವಿ ಇನ್ನೂ ನಿದ್ದೆಯಲ್ಲಿದ್ದರೂ ಹೀಗೇ ಆಗುತ್ತದೆ. ಇಷ್ಟರಲ್ಲೇ ಸರಿ ಹೋಗುವ ಟಿವಿಗಳು ಬಹಳ.

ಸರಿ ಹೋಗಲಿಲ್ಲವಾ? ಬೇರೆ ಎಚ್‌ಡಿಎಂಐ ಪೋರ್ಟಿಗೆ ಬದಲಿಸಿ. ಆಮೇಲೆ ಮಧ್ಯದಲ್ಲಿ ಇರುವುದನ್ನೆಲ್ಲ ತೆಗೆಯಿರಿ: ಸೌಂಡ್‌ಬಾರ್, ಸ್ಪ್ಲಿಟರ್, ಎಚ್‌ಡಿಎಂಐ ಸ್ವಿಚ್, ಸ್ಟಿಕ್ಕಿಗೆ ಹಾಕಿದ ಉದ್ದದ ಎಕ್ಸ್‌ಟೆನ್ಷನ್, ಎಲ್ಲ. ಬಾಕ್ಸು, ಒಂದು ಚಿಕ್ಕ ಕೇಬಲ್, ಟಿವಿ, ಇಷ್ಟೇ ಇರಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ಇದನ್ನು ಬಿಟ್ಟು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ನಂಬುವ ಹಾಗಿಲ್ಲ.

ನೇರವಾಗಿ ಹಾಕಿದರೂ ಕಪ್ಪೇ ಇದ್ದರೆ ಅದಲು ಬದಲು ಮಾಡಿ. ನಿಮ್ಮ ಬಾಕ್ಸನ್ನು ಪಕ್ಕದ ಮನೆಯ ಟಿವಿಗೆ ಹಾಕಿ, ಅವರ ಬಾಕ್ಸನ್ನು ನಿಮ್ಮ ಟಿವಿಗೆ ಹಾಕಿ. ನಿಮ್ಮ ಬಾಕ್ಸು ಅಲ್ಲೂ ಕಪ್ಪಾದರೆ ದೋಷ ಬಾಕ್ಸಿನದು. ಅವರ ಬಾಕ್ಸು ನಿಮ್ಮ ಟಿವಿಯಲ್ಲಿ ಕಪ್ಪಾದರೆ ಟಿವಿಯದು. ಎರಡೂ ಬೇರೆ ಕಡೆ ಚೆನ್ನಾಗಿ ಓಡಿ, ಒಟ್ಟಿಗೆ ಹಾಕಿದಾಗ ಮಾತ್ರ ಜಗಳ ಆಡಿದರೆ ಅದು ಹೊಂದಾಣಿಕೆಯ ತೊಂದರೆ. ಆಗ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಬಾಕ್ಸಿನ ರೆಸಲ್ಯೂಷನ್ ಅನ್ನು ‘ಆಟೋ’ ಬಿಟ್ಟು 1080ಕ್ಕೋ 720ಕ್ಕೋ ಇಳಿಸಿ ನೋಡಿ. ಚಿತ್ರವೇ ಇಲ್ಲದೆ ಮೆನುವಿಗೆ ಹೋಗುವುದು ಹೇಗೆ ಅಂತೀರಾ? ಫೈರ್ ಟಿವಿ ಸ್ಟಿಕ್ಕಿನಲ್ಲಿ ಮೇಲಿನ ಬಾಣದ ಗುಂಡಿ ಮತ್ತು ಹಿಂದಕ್ಕೆ ಓಡಿಸುವ ಗುಂಡಿ ಎರಡನ್ನೂ ಸುಮಾರು 5 ಸೆಕೆಂಡ್ ಒತ್ತಿ ಹಿಡಿದರೆ ಅದು ತಾನಾಗಿ ಒಂದೊಂದೇ ರೆಸಲ್ಯೂಷನ್ ಬದಲಿಸುತ್ತಾ ಹೋಗುತ್ತದೆ. ಚಿತ್ರ ಕಂಡ ಕಡೆ ಒಪ್ಪಿಗೆ ಕೊಡಿ.

ಪ್ಲೇಸ್ಟೇಷನ್ ಇರುವ ಮನೆಯಲ್ಲಿ ಒಂದು ವಿಶೇಷ. ಅದರ ಸೆಟ್ಟಿಂಗ್‌ನಲ್ಲಿ ಎಚ್‌ಡಿಸಿಪಿ ಆನ್-ಆಫ್ ಮಾಡುವ ಆಯ್ಕೆಯೇ ಇದೆ. ಆಟವನ್ನು ರೆಕಾರ್ಡ್ ಮಾಡಲು ಮಕ್ಕಳು ಅದನ್ನು ಆಫ್ ಮಾಡಿರುತ್ತಾರೆ. ಆಗ ಆಟಗಳೆಲ್ಲ ಚೆನ್ನಾಗಿ ಓಡುತ್ತವೆ, ಸಿನಿಮಾ ಆ್ಯಪ್‌ಗಳು ಮಾತ್ರ ತೆರೆಯುವುದಿಲ್ಲ. ಮತ್ತೆ ಆನ್ ಮಾಡಿದರೆ ಮುಗಿಯಿತು.

ಲಕ್ಷಣ: ಚಿತ್ರ ಬಂದು ಬಂದು ಹೋಗುತ್ತೆ, ಚುಕ್ಕಿ ಮಳೆ, ಗುಲಾಬಿ ಬಣ್ಣ

ಗಡಿಯಾರ ನೋಡುತ್ತಾ ಎಣಿಸಿ. ಚಿತ್ರ ಬರುತ್ತದೆ, ಎರಡು-ಎರಡೂವರೆ ಸೆಕೆಂಡಿಗೆ ಕಪ್ಪಾಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಅಷ್ಟೇ ಹೊತ್ತಿಗೆ ಹೋಗುತ್ತದೆ. ಹೀಗೆ ತಾಳ ಹಾಕಿದ ಹಾಗೆ ಆಗುತ್ತಿದ್ದರೆ ಅದು ಎಚ್‌ಡಿಸಿಪಿಯ ಗುರುತು. 1.4ರಲ್ಲಿ ಪ್ರತಿ 128 ಫ್ರೇಮಿಗೆ ಒಮ್ಮೆ ಬಾಕ್ಸು ಟಿವಿಯ ಉತ್ತರವನ್ನು ತಾಳೆ ನೋಡುತ್ತದೆ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಸುಮಾರು ಎರಡು ಸೆಕೆಂಡ್, 50 ಇದ್ದರೆ ಎರಡೂವರೆ. ತಾಳೆ ಆಗದಿದ್ದರೆ ಮತ್ತೆ ಮೊದಲಿನಿಂದ ಶುರು. ಪರದೆ ತುಂಬ ಬಣ್ಣದ ಚುಕ್ಕಿ ಸುರಿಯುತ್ತಿದ್ದರೆ, ಬೀಗ ಹಾಕಿದ ಚಿತ್ರ ಬಂದಿದೆ, ಟಿವಿ ಅದನ್ನು ತಪ್ಪಾಗಿ ಬಿಡಿಸುತ್ತಿದೆ ಅಂತ ಅರ್ಥ.

ತಾಳ ಇಲ್ಲದೆ ಯಾವಾಗಲೋ ಒಮ್ಮೆ ಮಿಂಚಿನ ಹಾಗೆ ಗೆರೆ, ಅಲ್ಲಲ್ಲಿ ಬಿಳಿ ಚುಕ್ಕಿ ಬಂದರೆ ಕೇಬಲ್ ಮೇಲೆ ಅನುಮಾನ ಪಡಿ. ಕಾಲಿಗೆ ಸಿಕ್ಕಿ ಎಳೆದಾಡಿದ ಕೇಬಲ್, ಗೋಡೆಗೂ ಟಿವಿಗೂ ಮಧ್ಯೆ ಚೂಪಾಗಿ ಮಡಿಚಿದ ಕೇಬಲ್, ಹತ್ತು ಮೀಟರ್ ಎಳೆದು ಪ್ರೊಜೆಕ್ಟರ್ ತನಕ ಹೋದ ಕೇಬಲ್, ಇವೆಲ್ಲ ತೊಂದರೆ ಕೊಡುತ್ತವೆ. ಎರಡು ಮೀಟರಿನ ಒಳಗಿನ, ಬೇರೆ ಟಿವಿಯಲ್ಲಿ ಚೆನ್ನಾಗಿ ಓಡುತ್ತಿರುವ ಕೇಬಲ್ ತಂದು ಹಾಕಿ ನೋಡಿ. ಗುಲಾಬಿ ಅಥವಾ ಹಸಿರು ಛಾಯೆಯೂ ಹೆಚ್ಚಿನ ಸಲ ಸಡಿಲ ಪಿನ್ನಿನದು. ಕೀಳಿ, ಪಿನ್ನಿನ ಒಳಗೆ ಧೂಳು, ಜೇಡರ ಬಲೆ ಇದೆಯಾ ನೋಡಿ, ಬಾಯಿಂದ ಊದಬೇಡಿ (ಎಂಜಲಿನ ತೇವ ಹೋಗುತ್ತದೆ), ಒಣಗಿದ ಮೆತ್ತನೆ ಬ್ರಶ್ಶಿನಿಂದ ಒರೆಸಿ.

ಕೇಬಲ್ಲಿನ ಬಗ್ಗೆ ಅಂಗಡಿಯವರು ಒಂದು ಮಾತು ಹೇಳುತ್ತಾರೆ: ‘ಇದು ಎಚ್‌ಡಿಸಿಪಿ 2.2 ಕೇಬಲ್ ಸಾರ್.’ ಅಂಥದ್ದೇನೂ ಇಲ್ಲ. ಕೀಲಿ ಇರುವುದು ಬಾಕ್ಸಿನ ಮತ್ತು ಟಿವಿಯ ಚಿಪ್ಪಿನಲ್ಲಿ. ಕೇಬಲ್ ಸುಮ್ನೆ ತಂತಿ. ಅದಕ್ಕೆ ಬೇಕಾದ್ದು ವೇಗ ತಾಳುವ ಶಕ್ತಿ ಮಾತ್ರ. 4ಕೆ 60 ಫ್ರೇಮಿಗೆ ಸೆಕೆಂಡಿಗೆ 18 ಗಿಗಾಬಿಟ್ ಹೊರುವ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಸಾಕು. ಒಳ್ಳೆಯ ಕೇಬಲ್ ಹಾಕಿದ ತಕ್ಷಣ 1.4ರ ಟಿವಿ 2.2 ಆಗುವುದಿಲ್ಲ.

ಲಕ್ಷಣ: ಚಿತ್ರ ಬರುತ್ತೆ, 4ಕೆ ಮಾತ್ರ ಬರಲ್ಲ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಾರಣ ನಾಲ್ಕೈದು ಇರಬಹುದು, ಎಚ್‌ಡಿಸಿಪಿ ಅದರಲ್ಲಿ ಒಂದು ಅಷ್ಟೆ.

ಮೊದಲು ನಿಮ್ಮ ಪ್ಲಾನ್ ನೋಡಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಇರುವುದು ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ. ಆ ಸಿನಿಮಾವೇ 4ಕೆಯಲ್ಲಿ ಇದೆಯಾ ಅಂತಲೂ ನೋಡಿ. ಈ ಎರಡಕ್ಕೆ ಟಿವಿ ಹಿಂದೆ ಹೋಗಬೇಕಾಗಿಲ್ಲ.

ಆಮೇಲೆ ಪೋರ್ಟ್. 4ಕೆ ಟಿವಿಗಳು ಹೊಸದಾಗಿ ಬಂದ 2013–14ರ ಕಾಲದಲ್ಲಿ ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಸಿಪಿ 2.2 ಇರಲೇ ಇಲ್ಲ, ಕೆಲವದರಲ್ಲಿ ಒಂದೇ ಪೋರ್ಟಿನಲ್ಲಿ ಇತ್ತು. ಪೋರ್ಟಿನ ಪಕ್ಕ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ‘ಎಆರ್‌ಸಿ’ (ಶಬ್ದವನ್ನು ವಾಪಸ್ ಕಳಿಸುವ ಪೋರ್ಟ್) ಅಂತ ಒಂದರ ಪಕ್ಕ, ‘ಎಚ್‌ಡಿಸಿಪಿ 2.2’ ಅಂತ ಇನ್ನೊಂದರ ಪಕ್ಕ. ಅಚ್ಚು ಇಲ್ಲದಿದ್ದರೆ ಮಾಡೆಲ್ ನಂಬರ್ ಹಿಡಿದು ಕಂಪನಿಯ ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿ, ಎಚ್‌ಡಿಎಂಐ ವಿವರದ ಪಕ್ಕದಲ್ಲೇ ಇರುತ್ತದೆ. ಟಿವಿಯ ಮೇಲೆ ‘4ಕೆ’ ಸ್ಟಿಕ್ಕರ್ ಇದೆ ಅಂದ ಮಾತ್ರಕ್ಕೆ 2.2 ಇದೆ ಅಂತ ಅಲ್ಲ. ‘ಎಚ್‌ಡಿ ರೆಡಿ’ ಸ್ಟಿಕ್ಕರಿನ ಕಥೆಯೂ ಹೀಗೇ. 2005ರಲ್ಲಿ ಯುರೋಪಿನಲ್ಲಿ ಆ ಗುರುತು ಶುರುವಾದಾಗ ಎಚ್‌ಡಿಸಿಪಿ ಇರಲೇಬೇಕು ಅನ್ನುವ ಷರತ್ತು ಇತ್ತು. ನಮ್ಮ ಅಂಗಡಿಗಳಲ್ಲಿ ಅದು 1366×768 ಪರದೆಗೆ ಹೇಳುವ ಹೆಸರಾಗಿ ಉಳಿದಿದೆ.

ಪೋರ್ಟ್ ಸರಿ ಇದ್ದರೂ ಅದರ ಸೆಟ್ಟಿಂಗ್ ಹಳೆಯ ಮಟ್ಟದಲ್ಲಿ ಇರಬಹುದು. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಅಂತ ಹುಡುಕಿ. ಇನ್ನು ಕೆಲವು ಟಿವಿಗಳಲ್ಲಿ ‘ಎಚ್‌ಡಿಎಂಐ 1.4 / 2.0’ ಅಂತಲೇ ಆಯ್ಕೆ ಇರುತ್ತದೆ (ಇದು ಎಚ್‌ಡಿಎಂಐಯ ನಂಬರ್, ಎಚ್‌ಡಿಸಿಪಿಯದ್ದಲ್ಲ). 1.4ಕ್ಕೆ ಇಟ್ಟರೆ ಕೆಲವದರಲ್ಲಿ ಎಚ್‌ಡಿಸಿಪಿಯೂ ಹಳೆಯದಕ್ಕೆ ಇಳಿಯುತ್ತದೆ. ಇದನ್ನು ಪೋರ್ಟಿಗೆ ಒಂದರಂತೆ ಬೇರೆ ಬೇರೆ ಹಾಕಬೇಕಾಗುತ್ತದೆ.

ಬಾಕ್ಸು ಏನು ಅಂದುಕೊಂಡಿದೆ ಅಂತ ಅದನ್ನೇ ಕೇಳುವ ದಾರಿಯೂ ಇದೆ. ಆಂಡ್ರಾಯ್ಡ್ ಬಾಕ್ಸಿನಲ್ಲಿ ‘ಡಿಆರ್‌ಎಂ ಇನ್ಫೋ’ ತರಹದ ಆ್ಯಪ್ ಹಾಕಿದರೆ ಎರಡು ಸಾಲು ಕಾಣುತ್ತವೆ. ಬಾಕ್ಸಿಗೆ ಗರಿಷ್ಠ ಎಷ್ಟನೇ ಎಚ್‌ಡಿಸಿಪಿ ಬರುತ್ತದೆ ಅನ್ನುವುದು ಒಂದು. ಈಗ ಟಿವಿಯ ಜೊತೆ ಎಷ್ಟರಲ್ಲಿ ಮಾತಾಡುತ್ತಿದೆ ಅನ್ನುವುದು ಇನ್ನೊಂದು. ಗರಿಷ್ಠ 2.2, ಈಗಿನದು 1.4 ಅಂತ ಇದ್ದರೆ ಟಿವಿ, ಪೋರ್ಟ್ ಅಥವಾ ಮಧ್ಯದ ಸಾಮಾನು ಎಳೆಯುತ್ತಿದೆ. ಎರಡೂ 2.2 ಇದ್ದರೆ ಎಚ್‌ಡಿಸಿಪಿಯನ್ನು ಬಿಟ್ಟುಬಿಡಿ, ತಪ್ಪು ಬೇರೆ ಕಡೆ ಇದೆ.

ಅದೇ ಆ್ಯಪ್‌ನಲ್ಲಿ ‘ವೈಡ್‌ವೈನ್’ (ಬಾಕ್ಸಿನ ಒಳಗೆ ಕೆಲಸ ಮಾಡುವ ಇನ್ನೊಂದು ಬೀಗ) ಮಟ್ಟವೂ ಕಾಣುತ್ತದೆ. ಎಲ್1 ಇದ್ದರೆ ಒಳ್ಳೆಯದು. ಅಗ್ಗದ, ಹೆಸರಿಲ್ಲದ ಬಾಕ್ಸುಗಳಲ್ಲಿ ಎಲ್3 ಇರುತ್ತದೆ. ಆಗ ದೊಡ್ಡ ಆ್ಯಪ್‌ಗಳು 480ರ ಮಸುಕು ಚಿತ್ರವನ್ನಷ್ಟೇ ಕೊಡುತ್ತವೆ. ಇದು ಎಚ್‌ಡಿಸಿಪಿ ಅಲ್ಲ, ಟಿವಿಗೂ ಇದಕ್ಕೂ ಸಂಬಂಧ ಇಲ್ಲ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಆ್ಯಪ್ ತೆರೆಯದಿರುವುದಕ್ಕೂ ಬಹುಮಟ್ಟಿಗೆ ಇಂಥದ್ದೇ ಕಾರಣ. ಕೇಬಲ್ ಬದಲಿಸಿ ದುಡ್ಡು ಕಳೆಯಬೇಡಿ.

ಟಿವಿಯಲ್ಲಿ 2.2 ಇಲ್ಲವೇ ಇಲ್ಲ ಅಂತ ಖಾತ್ರಿಯಾದರೆ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಅದು ಬರುವುದು ಅಪರೂಪ, ಅದಕ್ಕೆ ಚಿಪ್ಪೇ ಬೇರೆ ಬೇಕು. 1080ರಲ್ಲಿ ನೋಡಿಕೊಂಡು ಹಾಯಾಗಿರಿ. 43 ಇಂಚಿನ ಟಿವಿಯನ್ನು ಹತ್ತಡಿ ದೂರದಿಂದ ನೋಡುವವರಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದೂ ಇಲ್ಲ.

ಲಕ್ಷಣ: ಹೋಮ್ ಥಿಯೇಟರ್ ಅಥವಾ ಸ್ಪ್ಲಿಟರ್ ಹಾಕಿದ ಮೇಲೆ ಶುರುವಾಯಿತು

ನಮ್ಮ ಮೇಲಿನ ಮನೆಯವರ ಟಿವಿಯೂ 4ಕೆ, ಬಾಕ್ಸೂ 4ಕೆ, ಪ್ಲಾನೂ 4ಕೆ. ಚಿತ್ರ ಮಾತ್ರ ಎಚ್‌ಡಿ. ಆಂಟಿ ಟಿವಿ ಅಂಗಡಿಯವರ ಮೇಲೆ ಸಿಟ್ಟಾಗಿದ್ದರು. ಹಿಂದೆ ನೋಡಿದರೆ ಬಾಕ್ಸಿನ ಕೇಬಲ್ ನೇರವಾಗಿ ಟಿವಿಗೆ ಹೋಗಿರಲಿಲ್ಲ. ಹತ್ತು ವರ್ಷಕ್ಕೂ ಹಳೆಯ ಹೋಮ್ ಥಿಯೇಟರ್ ಒಳಗೆ ಹೊಕ್ಕು, ಅಲ್ಲಿಂದ ಟಿವಿಗೆ ಹೋಗಿತ್ತು. ಅದಕ್ಕೆ 2.2 ಗೊತ್ತಿಲ್ಲ. ‘ಅಯ್ಯೋ, ಸೌಂಡಿಗೆ ಅಂತ ಇಟ್ಟಿದ್ದು ಕಣಪ್ಪಾ, ಚಿತ್ರಕ್ಕೂ ಅದಕ್ಕೂ ಏನು?’ ಅಂದರು. ಸಂಬಂಧ ಇದೆ. ಮಧ್ಯದಲ್ಲಿ ಕೂತ ಸಾಮಾನು ಬೀಗ ತೆಗೆದು ಮತ್ತೆ ಹಾಕಿ ಮುಂದೆ ಕಳಿಸಬೇಕು. ತನ್ನ ಮುಂದೆ ಯಾರ್ಯಾರು ಇದ್ದಾರೆ ಅಂತ ಪಟ್ಟಿಯನ್ನೂ ಬಾಕ್ಸಿಗೆ ಒಪ್ಪಿಸಬೇಕು.

ಪರಿಹಾರಕ್ಕೆ ಖರ್ಚಾಗಲಿಲ್ಲ. ಬಾಕ್ಸನ್ನು ನೇರ ಟಿವಿಗೆ ಹಾಕಿದೆವು. ಟಿವಿಯ ಎಆರ್‌ಸಿ ಪೋರ್ಟಿನಿಂದ ಹೋಮ್ ಥಿಯೇಟರಿಗೆ ಇನ್ನೊಂದು ಕೇಬಲ್, ಅದರಲ್ಲಿ ಶಬ್ದ ಮಾತ್ರ ವಾಪಸ್ ಹೋಗುತ್ತದೆ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ. ಅದಕ್ಕಿಂತ ಹಳೆಯ ಸೆಟ್ ಆದರೆ ಆಪ್ಟಿಕಲ್ ಕೇಬಲ್ ಸಾಕು. 2014ರ ಸುಮಾರಿನ ಕೆಲವು ಎವಿ ರಿಸೀವರ್‌ಗಳ ಮೇಲೆ ‘4ಕೆ’ ಅಂತ ಬರೆದಿದ್ದರೂ ಒಳಗೆ 2.2 ಇರುವುದಿಲ್ಲ, ಬರಹ ನೋಡಿ ಮೋಸ ಹೋಗಬೇಡಿ.

ಒಂದೇ ಬಾಕ್ಸಿನಿಂದ ಹಾಲಿನ ಟಿವಿಗೂ ಬೆಡ್‌ರೂಮಿನ ಟಿವಿಗೂ ಸ್ಪ್ಲಿಟರ್ ಹಾಕಿದವರಿಗೂ ಇದೇ ಮಾತು. ಬೆಡ್‌ರೂಮಿನ ಹಳೆಯ ಟಿವಿಯ ಮಟ್ಟಕ್ಕೆ ಹಾಲಿನ ಟಿವಿಯೂ ಇಳಿಯುತ್ತದೆ. ಹಳೆಯದನ್ನು ಕಿತ್ತು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ‘ಈ ಸ್ಪ್ಲಿಟರ್ ಎಚ್‌ಡಿಸಿಪಿ ತೆಗೆದುಹಾಕುತ್ತೆ’ ಅಂತ ಮಾರುವವರೂ ಇದ್ದಾರೆ. ಆ ದಾರಿ ಇಲ್ಲಿ ಹೇಳುತ್ತಿಲ್ಲ. ನಕಲಿನ ಉದ್ದೇಶಕ್ಕೆ ಇಂಥ ಬೀಗ ಮುರಿಯುವುದು ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ, 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಎರಡು ವರ್ಷದವರೆಗೆ ಶಿಕ್ಷೆಯ ಅಪರಾಧ.

ಲಕ್ಷಣ: ಹಳೆಯ ಮಾನಿಟರ್, ಲ್ಯಾಪ್‌ಟಾಪ್, ಮೊಬೈಲ್‌ನಲ್ಲಿ ಮಾತ್ರ ತೊಂದರೆ

ವಿಜಿಎ ಕನ್ವರ್ಟರ್ ಹಾಕಿದ್ದರೆ ಹುಡುಕುವುದೇ ಬೇಡ. ವಿಜಿಎ ಅನಲಾಗ್, ಅಲ್ಲಿ ಎಚ್‌ಡಿಸಿಪಿ ಇಲ್ಲ, ಬೀಗದ ಸಿನಿಮಾ ಬರದಿರುವುದೇ ಸಹಜ. ಹಳೆಯ ಡಿವಿಐ ಮಾನಿಟರ್‌ಗಳಲ್ಲಿ ಕೆಲವದಕ್ಕೆ ಇದೆ, ಕೆಲವದಕ್ಕೆ ಇಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎನ್ವಿಡಿಯಾ ಕಾರ್ಡ್ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ವ್ಯೂ ಎಚ್‌ಡಿಸಿಪಿ ಸ್ಟೇಟಸ್’ ಅಂತ ಇದೆ, ಒತ್ತಿದರೆ ಆ ಪರದೆಗೆ ಇದೆಯೋ ಇಲ್ಲವೋ ಹೇಳುತ್ತದೆ. ಎರಡು ಪರದೆ ಹಾಕಿದ್ದರೆ ಒಂದನ್ನು ತೆಗೆದು ನೋಡಿ, ಕೀಲಿ ಇಲ್ಲದ ಒಂದು ಪರದೆ ಕೆಲವೊಮ್ಮೆ ಎರಡನ್ನೂ ಕೆಡಿಸುತ್ತದೆ.

ಮೊಬೈಲ್ ಪರದೆಯನ್ನು ಟಿವಿಗೆ ಮಿರರ್ ಮಾಡಿದಾಗ ಮಾತು ಬಂದು ಚಿತ್ರ ಕಪ್ಪಾದರೆ ಅದು ಆ್ಯಪ್‌ನವರೇ ಹಾಕಿದ ತಡೆ. ಆ್ಯಪ್ ಒಳಗಿನ ಕಾಸ್ಟ್ ಗುಂಡಿ ಒತ್ತಿ, ಆಗ ಟಿವಿಯೇ ನೇರವಾಗಿ ಸಿನಿಮಾ ತರಿಸಿಕೊಳ್ಳುತ್ತದೆ.

ಲಕ್ಷಣ: ಸಿಡಿಲು ಹೊಡೆದ ಮೇಲೆ, ಅಥವಾ ಟಿವಿ ರಿಪೇರಿ ಆದ ಮೇಲೆ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಆದ ಮರುದಿನ ಮೆಕ್ಯಾನಿಕ್‌ಗಳಿಗೆ ಪುರುಸೊತ್ತು ಇರುವುದಿಲ್ಲ. ಡಿಶ್ ಕೇಬಲ್ಲಿನ ಮೂಲಕ ಬಂದ ಏಟು ಬಾಕ್ಸು ದಾಟಿ ಎಚ್‌ಡಿಎಂಐ ಪೋರ್ಟಿಗೆ ಬಡಿಯುತ್ತದೆ. ಪೋರ್ಟ್ ಪೂರ್ತಿ ಸತ್ತರೆ ‘ನೋ ಸಿಗ್ನಲ್’, ಗೊಂದಲ ಇಲ್ಲ. ಅರ್ಧ ಸತ್ತಾಗ ಮಜಾ. ಚಿತ್ರದ ಪಿನ್ನುಗಳು ಉಳಿದು, ಮೊದಲು ಹೇಳಿದ 15, 16ರ ದಾರಿ ಮಾತ್ರ ಸುಟ್ಟಿರುತ್ತದೆ. ಆಗ ಟಿವಿ ತನ್ನ ಪರಿಚಯವನ್ನೂ ಹೇಳಲಾರದು, ಕೀಲಿಯನ್ನೂ ತೋರಿಸಲಾರದು. ಲ್ಯಾಪ್‌ಟಾಪ್ ಹಾಕಿದರೆ ಟಿವಿಯ ಹೆಸರು ಬರುವುದಿಲ್ಲ, 640×480ರಂಥ ದಪ್ಪ ದಪ್ಪ ಅಕ್ಷರದ ಪರದೆ ಬರುತ್ತದೆ, ದೊಡ್ಡ ರೆಸಲ್ಯೂಷನ್ ಪಟ್ಟಿಯಲ್ಲೇ ಇರುವುದಿಲ್ಲ. ಬೀಗದ ಸಿನಿಮಾ ಕಪ್ಪು. ಈ ಎರಡೂ ಒಟ್ಟಿಗೆ ಕಂಡರೆ, ಒಳ್ಳೆಯ ಕೇಬಲ್ ಹಾಕಿದರೂ ಹಾಗೇ ಇದ್ದರೆ, ಪೋರ್ಟಿನ ಹಾರ್ಡ್‌ವೇರ್ ಹೋಗಿದೆ. ಉಳಿದ ಪೋರ್ಟ್ ಚೆನ್ನಾಗಿದ್ದರೆ ಅದನ್ನೇ ಬಳಸಿ, ಸುಟ್ಟದ್ದಕ್ಕೆ ಒಂದು ಟೇಪ್ ಅಂಟಿಸಿ. ಎಲ್ಲ ಪೋರ್ಟೂ ಹೀಗಾದರೆ ಮನೆಯಲ್ಲಿ ಮಾಡುವ ಕೆಲಸ ಮುಗಿಯಿತು. ಸುಟ್ಟ ವಾಸನೆ, ಟಿವಿ ಹಿಂದೆ ಅತಿ ಬಿಸಿ, ಟಿಕ್ ಟಿಕ್ ಸದ್ದು ಇದ್ದರೆ ಪರೀಕ್ಷೆಗೂ ಆನ್ ಮಾಡಬೇಡಿ.

ರಿಪೇರಿಯ ನಂತರದ ತಕರಾರು ಬೇರೆ ತರಹದ್ದು. ಟಿವಿ ಚೆನ್ನಾಗಿ ಬರುತ್ತಿದೆ, ಲ್ಯಾಪ್‌ಟಾಪ್ ಪೂರ್ತಿ ರೆಸಲ್ಯೂಷನ್ನಿನಲ್ಲಿ ಕಾಣುತ್ತದೆ, ಟಿವಿಯ ಹೆಸರೂ ಬರುತ್ತದೆ. ಆದರೆ ಯಾವ ಬಾಕ್ಸ್ ಹಾಕಿದರೂ, ಯಾವ ಪೋರ್ಟಿಗೆ ಹಾಕಿದರೂ ಬೀಗದ ಸಿನಿಮಾ ಇಲ್ಲ. ಮೇನ್ ಬೋರ್ಡ್ ಬದಲಿಸಿದ್ದರೆ, ಯೂನಿವರ್ಸಲ್ ಬೋರ್ಡ್ ಕೂರಿಸಿದ್ದರೆ ಅಥವಾ ಬೇರೆ ಟಿವಿಯ ಸಾಫ್ಟ್‌ವೇರ್ ತುಂಬಿದ್ದರೆ ಕೀಲಿ ಕಳೆದುಹೋಗಿರುವ ಸಾಧ್ಯತೆ ಇದೆ. ಕೀಲಿಯನ್ನು ಆ ಬೋರ್ಡಿನ ಮೆಮೊರಿಯಲ್ಲೇ ಬರೆದಿರುತ್ತಾರೆ. ಇದು ರಿಮೋಟಿನಲ್ಲಿ, ರೀಸೆಟ್‌ನಲ್ಲಿ ಸರಿ ಹೋಗುವುದಲ್ಲ. ಯೂಟ್ಯೂಬಿನಲ್ಲಿ ಹೇಳಿಕೊಡುವ ಸರ್ವಿಸ್ ಮೆನುವಿಗೆ ಇಳಿದು ಕೈಯಾಡಿಸಬೇಡಿ. ಅಲ್ಲಿ ಪ್ಯಾನೆಲ್ ಸೆಟ್ಟಿಂಗ್ ತಪ್ಪಿದರೆ ಇರುವ ಚಿತ್ರವೂ ಹೋಗುತ್ತದೆ.

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್ರೇ ಸರಿ. ಅವರಿಗೆ ‘ಟಿವಿ ಬರ್ತಿಲ್ಲ’ ಅಂತ ಹೇಳಬೇಡಿ, ಬಂದವರು ಆನ್ ಮಾಡಿ ‘ಬರ್ತಿದೆಯಲ್ಲ ಸಾರ್’ ಅಂತ ಹೊರಟುಬಿಡುತ್ತಾರೆ. ಯಾವ ಬಾಕ್ಸು, ಯಾವ ಪೋರ್ಟು, ನೇರ ಹಾಕಿದಾಗ ಏನಾಯಿತು, ಬೇರೆ ಟಿವಿಯಲ್ಲಿ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ, ಕಪ್ಪಾಗುವುದನ್ನು ಮೊಬೈಲಿನಲ್ಲಿ ತೆಗೆದಿಡಿ. ಹೊರಗಡೆ ಬೋರ್ಡ್ ಹಾಕಿಸುವುದಾದರೆ ‘ಎಚ್‌ಡಿಸಿಪಿ ಕೀಲಿ ಇರುವ ಬೋರ್ಡಾ?’ ಅಂತ ಮೊದಲೇ ಕೇಳಿ. ನಿಮ್ಮ ಸ್ಟಿಕ್ಕನ್ನು ಅಂಗಡಿಗೇ ತಗೊಂಡು ಹೋಗಿ, ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು, ದುಡ್ಡಿನ ಆ್ಯಪ್‌ನಲ್ಲಿ ಒಂದು ಸಿನಿಮಾವನ್ನು ಪ್ರತಿ ಪೋರ್ಟಿನಲ್ಲೂ ಹತ್ತು ನಿಮಿಷ ಓಡಿಸಿ ನೋಡಿದ ಮೇಲೆ ದುಡ್ಡು ಕೊಡಿ.